ಹಳೆಯ ಹರಿಗೋಲಿಗೆ ಎಷ್ಟು ಬೆಲೆ?



ನಮ್ಮ ಕಡೆ ಎತ್ತು ಕೊಳ್ಳುವವರು ಮೊದಲು ಹಲ್ಲು ಎಣಿಸುತ್ತಾರೆ. ಸುಳಿ ನೋಡುತ್ತಾರೆ, ಗೊರಸು ಎತ್ತಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ಕುಂಟುತ್ತದೆಯೋ ಇಲ್ಲವೋ ತಿಳಿದುಕೊಳ್ಳುತ್ತಾರೆ. ನಾರಾಯಣಪೇಟೆಯ ಸೀರೆ ಕೊಳ್ಳುವ ಹೆಣ್ಣುಮಕ್ಕಳು ಸೀರೆಯನ್ನು ತಿರುವಿ ಒಳಮೈ ನೋಡದೆ ದುಡ್ಡು ಕೊಡುವುದಿಲ್ಲ. ಆದರೆ ಅದೇ ಮನೆಯವರು ಹಳೆಯ ಪುಟ್ಟಿಯೊಂದನ್ನು ಕೊಳ್ಳಲು ಹೊಳೆಯ ದಂಡೆಗೆ ಹೋದಾಗ ಏನು ಮಾಡುತ್ತಾರೆ? ಹೊಸದಾಗಿ ಹಚ್ಚಿದ ಡಾಂಬರು ಮಿರಮಿರ ಮಿಂಚುವುದನ್ನು ನೋಡಿ, ಸುತ್ತ ಒಂದು ಸಲ ತಿರುಗಿ, ಕೇಳಿದ್ದರಲ್ಲಿ ಐನೂರು ರೂಪಾಯಿ ಇಳಿಸಿ, ದುಡ್ಡು ಎಣಿಸಿ ಕೊಟ್ಟು ಬರುತ್ತಾರೆ. ಎತ್ತು ಕುಂಟಾದರೆ ಒಂದು ಬಿತ್ತನೆ ತಪ್ಪೀತು. ಪುಟ್ಟಿ ಕೆಟ್ಟದ್ದಾದರೆ ತಪ್ಪುವುದು ಏನೆಂದು ಹೊಳೆಯ ಸಾಲಿನ ಊರವರಿಗೆ ನಾನು ಹೇಳಬೇಕಾಗಿಲ್ಲ.

ಆದ್ದರಿಂದ ಈ ಹೊತ್ತು ಹಳೆಯ ಹರಿಗೋಲು, ಹಳೆಯ ಫೈಬರ್ ಪುಟ್ಟಿ, ಹಳೆಯ ಇಂಜಿನ್ ದೋಣಿ, ಇವುಗಳಿಗೆ ಬೆಲೆ ಕಟ್ಟುವುದು ಹೇಗೆ ಎಂಬುದನ್ನು ತಿಳಿಯೋಣ.

ಮೊದಲು ಹೆಸರಿನ ಮಾತು. ಕನ್ನಡದಲ್ಲಿ ಹರಿಗೋಲು ಎನ್ನುತ್ತೇವೆ, ತೆಲುಗಿನಲ್ಲಿ ಪುಟ್ಟಿ ಎನ್ನುತ್ತಾರೆ. ನಮ್ಮ ಉತ್ತರದ ಕನ್ನಡದಲ್ಲಿ ಪುಟ್ಟಿ ಎಂದರೆ ಬಿದಿರಿನ ಬುಟ್ಟಿ. ಹಾಗೆ ನೋಡಿದರೆ ಎರಡೂ ಭಾಷೆ ಒಂದೇ ವಸ್ತುವನ್ನು ಸರಿಯಾಗಿಯೇ ಹೆಸರಿಸಿವೆ: ಹರಿಗೋಲು ಎಂದರೆ ನೀರಿಗಿಳಿದ ಬುಟ್ಟಿ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಈ ಬುಟ್ಟಿ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುವ ಅಗಲ, ಸುತ್ತುತ್ತಲೇ ಸಾಗುವ ನಡೆ, ಎಲ್ಲವನ್ನೂ ಅವನು ಹೇಳುತ್ತಾನೆ. ಐನೂರು ವರ್ಷದಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ತಾಡಪತ್ರಿ, ಡಾಂಬರು ಬಂದಿವೆ. ಉಳಿದದ್ದು ಹೆಚ್ಚು ಬದಲಾಗಿಲ್ಲ.

ಇನ್ನೊಂದು ಹೆಸರನ್ನೂ ಕೇಳಿರಿ. ಪಟ್ಟಣದ ಹುಡುಗರು ಟಿ.ವಿ.ಯಲ್ಲಿ ನೋಡುವ ಕ್ಯಾಟಮರಾನ್ ಎಂಬ ದೊಡ್ಡ ಹಾಯಿದೋಣಿ ಇದೆಯಲ್ಲ, ಎರಡು ಒಡಲುಗಳ ಮೇಲೆ ಒಂದು ಮನೆ ಕಟ್ಟಿದಂತೆ ಇರುವುದು, ಅದರ ಹೆಸರು ನಮ್ಮ ದಕ್ಷಿಣದ್ದೇ. ತಮಿಳಿನ 'ಕಟ್ಟುಮರಂ', ಅಂದರೆ ಕಟ್ಟಿದ ಮರ. ದಿಮ್ಮಿಗಳನ್ನು ಹಗ್ಗದಿಂದ ಬಿಗಿದು ಮೀನುಗಾರರು ಸಮುದ್ರಕ್ಕೆ ಇಳಿಯುತ್ತಿದ್ದ ತೆಪ್ಪ ಅದು. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿ ಈ ಮಾತನ್ನು ಬಳಸಿದ್ದಾನೆ. ಎರಡು ಒಡಲಿನ ರೂಪ ಬಂದದ್ದು ಮಾತ್ರ ಪೆಸಿಫಿಕ್ ಸಾಗರದ ದ್ವೀಪಗಳಿಂದ. ಹೆಸರು ಒಂದೂರಿನದು, ಆಕಾರ ಇನ್ನೊಂದೂರಿನದು.

ಈಗ ಆ ಕ್ಯಾಟಮರಾನುಗಳು ಫ್ರಾನ್ಸಿನಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಕಾರ್ಖಾನೆಗಳಲ್ಲಿ ತಯಾರಾಗುತ್ತವೆ. ಬಹಳಷ್ಟನ್ನು ಮೊದಲು ಬಾಡಿಗೆ ಕಂಪನಿಗಳು ಕೊಂಡು, ಕೆಲವು ವರ್ಷ ಪ್ರವಾಸಿಗರಿಗೆ ಓಡಿಸಿ, ಆಮೇಲೆ ಹಳೆಯ ದೋಣಿಯೆಂದು ಮಾರುತ್ತವೆ. ಅಲ್ಲಿ ಕೊಳ್ಳುವವನು ಬಣ್ಣ ನೋಡಿ ದುಡ್ಡು ಕೊಡುವುದಿಲ್ಲ. ಸರ್ವೇಯರ್ ಎಂಬ ಪರೀಕ್ಷಕನಿಗೆ ತನ್ನ ಕೈಯಿಂದ ಕೂಲಿ ಕೊಡುತ್ತಾನೆ. ದೋಣಿಯನ್ನು ನೀರಿನಿಂದ ಮೇಲೆತ್ತಿಸುತ್ತಾನೆ. ಪರೀಕ್ಷಕ ಸಣ್ಣ ಸುತ್ತಿಗೆ ಹಿಡಿದು ತಳವನ್ನು ಗೇಣು ಗೇಣಿಗೂ ತಟ್ಟಿ ಸದ್ದು ಕೇಳುತ್ತಾನೆ. ತೇವ ಅಳೆಯುವ ಯಂತ್ರ ಇಡುತ್ತಾನೆ. ಎರಡು ಒಡಲು ಕೂಡುವ ಸಂದುಗಳನ್ನು ದೀಪ ಹಿಡಿದು ನೋಡುತ್ತಾನೆ. ಅವನ ವರದಿ ಬಂದ ಮೇಲೆಯೇ ಬೆಲೆ. ಕೋಟಿ ರೂಪಾಯಿಯ ದೋಣಿಗೆ ಆ ಎಚ್ಚರ ಇದ್ದರೆ, ಸಾಲ ಮಾಡಿ ಕೊಳ್ಳುವ ನಮ್ಮ ಪುಟ್ಟಿಗೆ ಅದಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಅವರದು ಮುಳುಗಿದರೆ ವಿಮೆ ಇರುತ್ತದೆ. ನಮ್ಮಲ್ಲಿ ಎಷ್ಟು ಪುಟ್ಟಿಗಳಿಗೆ ಅದುಂಟು? ನಮ್ಮಲ್ಲಿ ಸರ್ವೇಯರ್ ಸಿಗುವುದಿಲ್ಲ, ನಿಜ. ನಾವೇ ಸರ್ವೇಯರ್ ಆಗಬೇಕು.

ನಮ್ಮ ಹೊಳೆಯನ್ನು ಒಂದು ಗಳಿಗೆ ನೆನೆಯಿರಿ. ತಂಗಿಡಿ ಹತ್ತಿರ ಭೀಮೆ ಬಂದು ಕೃಷ್ಣೆಗೆ ಕೂಡುತ್ತಾಳೆ. ಅಲ್ಲಿಂದ ಕೃಷ್ಣಾ ಸ್ಟೇಷನ್, ದೇವಸೂಗೂರು, ನಡುಗಡ್ಡೆಗಳು, ದತ್ತ ಭಕ್ತರು ದೋಣಿಯಲ್ಲಿ ಹೋಗಿಬರುತ್ತಾ ಬಂದ ಕುರುವಪುರ, ಆಮೇಲೆ ಜೂರಾಲದ ಹಿನ್ನೀರು. ಅದರ ಕೆಳಗೆ ಗದ್ವಾಲ ಸೀಮೆ, ತೆಲುಗಿನವರು ನಡಿಗಡ್ಡ ಎನ್ನುವ, ಹಳೆಯ ಕನ್ನಡದವರು ಎಡೆದೊರೆ ಎಂದ ಎರಡು ಹೊಳೆಗಳ ನಡುವಿನ ನೆಲ. ಪ್ರಿಯದರ್ಶಿನಿ ಜೂರಾಲ ಯೋಜನೆಯಲ್ಲಿ 1990ರ ದಶಕದ ನಡುವೆ ನೀರು ನಿಂತ ಮೇಲೆ ದೋಣಿಗಳ ಬಾಳುವೆಯೂ ಬದಲಾಯಿತು. ಮೊದಲು ಬೇಸಿಗೆಯಲ್ಲಿ ಹೊಳೆ ಬತ್ತುತ್ತಿತ್ತು. ಪುಟ್ಟಿ ಮರದ ನೆರಳಿಗೆ ಏರಿ ಒಣಗುತ್ತಿತ್ತು, ಡಾಂಬರು ಕುಡಿಯುತ್ತಿತ್ತು, ಅದಕ್ಕೂ ಒಂದು ರಜೆ ಇತ್ತು. ಹಿನ್ನೀರಿನ ಅಂಚಿನಲ್ಲಿ ಈಗ ಬಹುಕಾಲ ನೀರು ನಿಂತಿರುತ್ತದೆ. ದೋಣಿಗೆ ಒಣಗುವ ಹೊತ್ತೇ ಸಿಗುವುದಿಲ್ಲ. ಎರಡು ವರ್ಷದ ಪುಟ್ಟಿ ಎಂದು ಮಾರುವವರು ಹೇಳಿದರೆ, 'ಎರಡು ವರ್ಷದಲ್ಲಿ ಎಷ್ಟು ತಿಂಗಳು ನೀರಿನಲ್ಲಿತ್ತು, ಅಣ್ಣಾ?' ಎಂದು ಕೇಳಿರಿ. ದೋಣಿಯ ವಯಸ್ಸು ಅಲ್ಲಿದೆ.

ಬಿದಿರಿನ ಹರಿಗೋಲಿನ ಪರೀಕ್ಷೆಗೆ ಬರೋಣ. ನೋಡಲು ಹೋಗುವುದಾದರೆ ಬೆಳಗಿನ ಹೊತ್ತು ಹೋಗಿರಿ, ಇಬ್ಬರಾಗಿ ಹೋಗಿರಿ, ಒಂದು ಹಗ್ಗ ಮತ್ತು ಒಂದು ಬಿಳಿ ಧೋತ್ರ ಒಯ್ಯಿರಿ. ಪುಟ್ಟಿಯನ್ನು ಒಣ ನೆಲದ ಮೇಲೆ ಇಡಿಸಿರಿ. ನೀರಿನಲ್ಲಿ ತೇಲುತ್ತಿರುವ ಪುಟ್ಟಿಗೆ ದುಡ್ಡು ಕೊಡಬೇಡಿರಿ. ತೇಲುವುದು ಅದರ ಅರ್ಧ ಮಾತ್ರ, ಕೆಡುವುದು ನೀರೊಳಗಿನ ಅರ್ಧ.

ಹಗ್ಗದಿಂದ ಬಾಯಿಯನ್ನು ಅಳೆಯಿರಿ: ಒಮ್ಮೆ ಅಡ್ಡ, ಒಮ್ಮೆ ಉದ್ದ. ದುಂಡಾಗಿರಬೇಕಾದ ಬಾಯಿ ನಾಲ್ಕು ಬೆರಳಿಗಿಂತ ಹೆಚ್ಚು ಸೊಟ್ಟಗಾಗಿದ್ದರೆ ಒಳಗಿನ ದೆಬ್ಬೆಗಳು ಎಲ್ಲೋ ಮುರಿದಿವೆ, ಇಲ್ಲವೆ ಪುಟ್ಟಿಯ ಮೇಲೆ ಬಹುದಿನ ಭಾರ ಹೇರಿ ಇಟ್ಟಿದ್ದಾರೆ. ಬಳಿಕ ಧೋತ್ರ ಹಾಸಿ, ಅದರ ಮೇಲೆ ಪುಟ್ಟಿಯ ಅಂಚನ್ನು ಹಿಡಿದು ಗಟ್ಟಿಯಾಗಿ ಬಡಿಯಿರಿ. ಹಿಟ್ಟಿನಂಥ ಹಳದಿ ಪುಡಿ ಉದುರಿತೇ? ಬಿದಿರಿಗೆ ಹುಳ ಬಿದ್ದಿದೆ. ಹುಳ ಹೊಕ್ಕ ಬಿದಿರಿನ ಮೇಲೆ ಎಷ್ಟು ಡಾಂಬರು ಹಚ್ಚಿದರೂ ಅದು ಸೋರೆ ಬುರುಡೆಗೆ ಬಣ್ಣ ಹಚ್ಚಿದ ಹಾಗೆ. ಅಂಥದ್ದಕ್ಕೆ ಬೆಲೆಯೇ ಇಲ್ಲ, ಅಲ್ಲಿಂದಲೇ ತಿರುಗಿ ಬನ್ನಿರಿ.

ಹರಿಗೋಲು ಮೊದಲು ಸೋಲುವ ಜಾಗ ತಳವಲ್ಲ, ತಳ ಮೇಲಕ್ಕೆ ತಿರುಗುವ ಸುತ್ತು. ಬಿದಿರಿನ ದೆಬ್ಬೆ ಅಲ್ಲಿ ಬಾಗಬೇಕು, ನೆಲಕ್ಕೆ ಉಜ್ಜಬೇಕು, ಕಲ್ಲಿಗೆ ತಾಗಬೇಕು. ಆ ಸುತ್ತನ್ನು ಹೆಬ್ಬೆರಳಿನಿಂದ ಒತ್ತುತ್ತಾ ಒಂದು ಪೂರ್ತಿ ಪ್ರದಕ್ಷಿಣೆ ಮಾಡಿರಿ. ಒಳ್ಳೆಯ ಬಿದಿರು ಒತ್ತಿದರೆ ಒಳಗೆ ಹೋಗಿ ಮತ್ತೆ ಪುಟಿಯುತ್ತದೆ. ಕೊಳೆತದ್ದು ಒಳಗೆ ಹೋಗಿ ಅಲ್ಲೇ ಇರುತ್ತದೆ. ಕಿವಿಯೂ ಕೆಲಸ ಮಾಡಲಿ. ನಡುವೆ ಒಬ್ಬರು ಕಾಲಿಟ್ಟು ನಿಧಾನ ತೂಗಿದಾಗ ಒಣ ಬಿದಿರು ಕಿರ್ ಎನ್ನುವುದು ಸಹಜ. ಪಟ್ ಎಂದು ಮುರಿಯುವ ಸದ್ದು ಬೇರೆ. ಇದನ್ನು ಹೇಳಿಕೊಡಲು ಮೇದಾರರ ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದರೆ ನನ್ನ ಈ ಮಾತೆಲ್ಲವೂ ಬೇಡ. ಅವರಿಗೆ ಚಹಾ ಕುಡಿಸಿ ಅರ್ಧ ದಿನದ ಕೂಲಿ ಕೊಡಿರಿ. ಹೊರದೇಶದವರು ಸರ್ವೇಯರನಿಗೆ ಕೊಡುವುದಕ್ಕಿಂತ ಅದು ಅಗ್ಗ.

ಡಾಂಬರಿನ ವಿಷಯ. ಡಾಂಬರು ಹೊಸದಾಗಿದ್ದರೆ ಸಂತೋಷ ಪಡುವವರೇ ಹೆಚ್ಚು. ಮಾರುವ ಮುಂಚಿನ ವಾರ ಬಳಿದ ಡಾಂಬರನ್ನು ಮಾತ್ರ ನಾನು ಅನುಮಾನದಿಂದಲೇ ನೋಡುತ್ತೇನೆ. ಅದು ತೂತನ್ನೂ ಮುಚ್ಚುತ್ತದೆ, ತೇಪೆಯನ್ನೂ ಮುಚ್ಚುತ್ತದೆ. ಹೊದಿಕೆ ಅಂಚಿನಲ್ಲಿ ಮಡಚಿರುವ ಕಡೆ ಬಿಚ್ಚಿ ನೋಡಿರಿ. ಅಲ್ಲಿ ಹಳೆಯ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಪದರ ಹೆಚ್ಚಿದ್ದರೆ ಪುಟ್ಟಿಯ ವಯಸ್ಸು ಹೇಳಿದ್ದಕ್ಕಿಂತ ಹೆಚ್ಚು, ತೂಕವೂ ಹೆಚ್ಚು. ಇಬ್ಬರು ಎತ್ತಿ ತಲೆಯ ಮೇಲೆ ಹೊರಬಹುದಾದ ಪುಟ್ಟಿಗೆ ನಾಲ್ವರು ಬೇಕಾದರೆ, ಆ ಹೆಚ್ಚಿನ ಭಾರವನ್ನು ನೀವು ದಿನವೂ ಹುಟ್ಟು ಹಾಕಿ ಎಳೆಯಬೇಕು.

ಸೋರಿಕೆ ನೋಡಲು ಒಂದು ಸುಲಭ ಉಪಾಯ ಇದೆ. ಪುಟ್ಟಿಯನ್ನು ಇಟ್ಟಿಗೆಗಳ ಮೇಲೆ ನೆಲದಿಂದ ಗೇಣೆತ್ತರ ಕೂಡಿಸಿರಿ. ಒಳಗೆ ಎರಡು ಬೆರಳು ಎತ್ತರಕ್ಕೆ ಮಾತ್ರ ನೀರು ಹಾಕಿರಿ, ಹೆಚ್ಚು ಹಾಕಿದರೆ ಭಾರಕ್ಕೆ ಹೊದಿಕೆ ಹರಿದೀತು. ಅರ್ಧ ಗಂಟೆ ಬಿಟ್ಟು ಕೆಳಗೆ ಬಗ್ಗಿ ನೋಡಿರಿ. ಎಲ್ಲಿ ಹನಿ, ಅಲ್ಲಿ ತೂತು. ಒಂದೆರಡು ಕಡೆ ಹನಿದರೆ ತೇಪೆ ಸಾಕು. ಹತ್ತು ಕಡೆ ಹನಿದರೆ ಹೊದಿಕೆ ಪೂರ್ತಿ ಬದಲಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಈಗ ಭಾರದ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಂದ ಬರೆಸಿಕೊಳ್ಳಿರಿ. ಪುಟ್ಟಿಯ ಚಪ್ಪಟೆ ತಳದ ಅಗಲ 6 ಅಡಿ ಇದ್ದರೆ ಅದರ ವಿಸ್ತಾರ ಸುಮಾರು 28 ಚದರ ಅಡಿ. ಅದು ಒಂದು ಇಂಚು ನೀರಿಗಿಳಿದರೆ ಸುಮಾರು 66 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿದ ನೀರಿನ ತೂಕದಷ್ಟೇ ಭಾರವನ್ನು ನೀರು ಹೊರುತ್ತದೆ. ಅಂದರೆ 66 ಕಿಲೋ, ಹೆಚ್ಚುಕಡಿಮೆ ಒಬ್ಬ ಆಳು. ಒಬ್ಬ ಆಳಿಗೆ ಒಂದು ಇಂಚು, ಇಷ್ಟು ನೆನಪಿಟ್ಟರೆ ಸಾಕು. ತಳ 5 ಅಡಿಯದಾದರೆ ಒಂದು ಇಂಚಿಗೆ 46 ಕಿಲೋ ಮಾತ್ರ. ಅಗಲದಲ್ಲಿ ಒಂದು ಅಡಿ ಕಡಿಮೆಯಾದರೆ ಹೊರುವ ಶಕ್ತಿ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ! ಬಾಯಿ ಎಷ್ಟೇ ಅಗಲವಾಗಿ ಕಾಣಲಿ, ನೀವು ಅಳೆಯಬೇಕಾದದ್ದು ತಳವನ್ನು.

ಇದೇ ಲೆಕ್ಕವನ್ನು ತಿರುಗಿಸಿರಿ. ಆ 6 ಅಡಿಯ ಪುಟ್ಟಿಯೊಳಗೆ ಒಂದು ಇಂಚು ಸೋರಿದ ನೀರು ನಿಂತಿದ್ದರೆ ಅದೂ 66 ಕಿಲೋ. ಟಿಕೆಟಿಲ್ಲದ ಒಬ್ಬ ಪ್ರಯಾಣಿಕ. ಅಷ್ಟೇ ಅಲ್ಲ, ಆ ಪ್ರಯಾಣಿಕ ಒಂದು ಕಡೆ ಕೂರುವವನೂ ಅಲ್ಲ. ಪುಟ್ಟಿ ಯಾವ ಕಡೆ ವಾಲುತ್ತದೋ ಆ ಕಡೆಗೇ ಓಡಿ ಅದನ್ನು ಇನ್ನಷ್ಟು ವಾಲಿಸುತ್ತಾನೆ. ಸ್ವಲ್ಪ ನೀರು ಬರುತ್ತದೆ, ತೋಡಿ ಹಾಕಿದರಾಯಿತು ಎನ್ನುವ ಮಾರಾಟಗಾರರಿಗೆ ಈ ಲೆಕ್ಕ ಹೇಳಿರಿ.

ಕೊಳ್ಳುವ ಮುಂಚೆ ದಂಡೆಯ ಬಳಿ, ಮೊಣಕಾಲುದ್ದದ ನಿಂತ ನೀರಿನಲ್ಲಿ ಭಾರ ಹೇರಿ ನೋಡಿರಿ. ಜನರನ್ನು ಕೂಡಿಸಬೇಡಿರಿ, 20 ಲೀಟರಿನ ನೀರಿನ ಕ್ಯಾನುಗಳನ್ನು ಇಡಿರಿ, ಒಂದೊಂದೂ 20 ಕಿಲೋ. ನೀವು ಹೊರಬೇಕೆಂದಿರುವ ಭಾರ ಪೂರ್ತಿ ಹೇರಿದ ಮೇಲೂ ಅಂಚು ನೀರಿನಿಂದ ಒಂದು ಅಡಿಯಾದರೂ ಮೇಲಿರಬೇಕು. ಹಿನ್ನೀರಿನಲ್ಲಿ ಗಾಳಿ ಎದ್ದಾಗ ಬರುವ ಅಲೆ ಕಂಡವರು ಒಂದು ಅಡಿ ಹೆಚ್ಚಾಯಿತು ಎನ್ನಲಾರರು. ಕ್ಯಾಟಮರಾನ್ ಕೊಳ್ಳುವವರೂ ಇದನ್ನೇ ನೋಡುತ್ತಾರೆ ಎಂದರೆ ನಿಮಗೆ ಆಶ್ಚರ್ಯವಾದೀತು. ದೋಣಿಯ ಹೊರಮೈಯಲ್ಲಿ ನೀರಿನ ಗೆರೆಯನ್ನು ಮೇಲಕ್ಕೆ ಬಳಿದಿದ್ದರೆ, ಆ ದೋಣಿ ಬಹುಕಾಲ ಅತಿಭಾರ ಹೊತ್ತಿದೆ ಎಂದು ಅವರು ತಿಳಿಯುತ್ತಾರೆ. ನಮ್ಮ ಪುಟ್ಟಿಯಲ್ಲಿ ಬಣ್ಣದ ಗೆರೆ ಇರುವುದಿಲ್ಲ, ಪಾಚಿಯ ಗೆರೆ ಇರುತ್ತದೆ. ಅಂಚಿನ ಹತ್ತಿರದವರೆಗೂ ಪಾಚಿಯ ಕಲೆ ಇದ್ದರೆ ಆ ಪುಟ್ಟಿ ಹೇಗೆ ದುಡಿದಿದೆ ಎಂದು ಬೇರೆ ಸಾಕ್ಷಿ ಬೇಡ.

2020ರ ಆಗಸ್ಟ್‌ನಲ್ಲಿ, ಹೊಳೆ ತುಂಬಿ ಹರಿಯುವಾಗ, ಮಕ್ತಲ್ ಸೀಮೆಯ ಪಂಚದೇವಪಾಡು ಹತ್ತಿರ ಜನರನ್ನು ಹೊತ್ತ ಹರಿಗೋಲು ಮಗುಚಿ ನೀರುಪಾಲಾದವರನ್ನು ಈ ಸಾಲಿನ ಊರವರು ಮರೆತಿಲ್ಲ. ಪೇಟೆಯ ಕೆಲಸ ಮುಗಿಸಿ ನಡುಗಡ್ಡೆಯ ಊರಿಗೆ ಮರಳುತ್ತಿದ್ದವರು ಅವರು. ಮೇಲಿನ ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟ ದಿನಗಳಲ್ಲಿ ಎಂಥ ಹೊಸ ಪುಟ್ಟಿಯೂ ಜನರನ್ನು ಹೊರುವುದಕ್ಕಲ್ಲ. ಆ ದಿನಗಳ ದುಡಿಮೆಯನ್ನು ಸೇರಿಸಿ ಬೆಲೆ ಕಟ್ಟಬೇಡಿರಿ.

ಇನ್ನು ಫೈಬರ್ ಪುಟ್ಟಿ. ಗಾಜಿನ ನಾರಿನ ಚಾಪೆಗೆ ರಾಳ ಕುಡಿಸಿ ಅಚ್ಚಿನಲ್ಲಿ ಎರೆದದ್ದು. ಹುಳ ಬೀಳುವುದಿಲ್ಲ, ಡಾಂಬರು ಬೇಡ, ಆದ್ದರಿಂದ ಇದಕ್ಕೆ ಮುಪ್ಪೇ ಇಲ್ಲವೆಂಬ ನಂಬಿಕೆ ಹಬ್ಬಿದೆ. ಮುಪ್ಪು ಇದೆ, ಕಾಣುವುದು ತಡವಾಗಿ. ಕೈಯಿಂದ ಹೊರಮೈ ಒರೆಸಿದಾಗ ಸುಣ್ಣದಂಥ ಪುಡಿ ಹತ್ತಿದರೆ ಹೆದರಬೇಡಿರಿ, ಅದು ಬಿಸಿಲಿಗೆ ಸತ್ತ ಮೇಲ್ಪದರ ಮಾತ್ರ. ಅದನ್ನು ತೋರಿಸಿ ಬೆಲೆ ಇಳಿಸಬಹುದು, ಆದರೆ ದೋಣಿಗೆ ಅದರಿಂದ ಕೇಡಿಲ್ಲ. ಹೆದರಬೇಕಾದದ್ದು ನಕ್ಷತ್ರದ ಹಾಗೆ ಒಡೆದ ಸಣ್ಣ ಬಿರುಕಿಗೆ. ಅಲ್ಲಿ ಪೆಟ್ಟು ಬಿದ್ದಿದೆ. ಅದರ ಒಳಮೈಗೆ ಹೋಗಿ ನೋಡಿರಿ, ಬಿಳಿಚಿದ ಕಲೆ ಇದ್ದರೆ ಒಳಗಿನ ಪದರಗಳು ಬಿಟ್ಟಿವೆ.

ರೂಪಾಯಿ ನಾಣ್ಯ ತೆಗೆದುಕೊಂಡು ಗೇಣಿಗೊಮ್ಮೆ ತಟ್ಟಿರಿ. ಗಟ್ಟಿ ಫೈಬರು ಟಣ್ ಎನ್ನುತ್ತದೆ. ಪದರ ಬಿಟ್ಟಿದ್ದರೆ ದಬ್ ಎನ್ನುತ್ತದೆ. ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟುವ ನಮ್ಮ ತಾಯಂದಿರಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ, ಅವರನ್ನೇ ಕರೆದೊಯ್ಯಿರಿ. ಒಳಗೆ ಬಣ್ಣ ಹೊಡೆಯದ ಪುಟ್ಟಿಯಾದರೆ ಇನ್ನೊಂದು ಅನುಕೂಲ: ಬಿಸಿಲಿಗೆ ಎದುರಾಗಿ ನಿಲ್ಲಿಸಿ ಒಳಗಿನಿಂದ ನೋಡಿರಿ. ಬೆಳಕು ಮಂಕಾಗಿ ಹಾಯುತ್ತದೆ. ತೆಳುವಾದ ಜಾಗ ಬೆಳ್ಳಗೆ, ತೇಪೆ ಹಾಕಿದ ಜಾಗ ಕಪ್ಪಗೆ ಕಾಣುತ್ತದೆ. ಒಳಗೂ ಹೊರಗೂ ಹೊಸ ಬಣ್ಣ ಬಳಿದಿದ್ದರೆ, ಯಾಕೆ ಬಳಿದರು ಎಂದು ಕೇಳುವುದು ನಿಮ್ಮ ಹಕ್ಕು.

ತಳದ ಹೊರಮೈಯಲ್ಲಿ ಅವರೆಕಾಳಿನಷ್ಟು ಗುಳ್ಳೆಗಳಿವೆಯೇ? ಒಂದನ್ನು ಮೊಳೆಯಿಂದ ಚುಚ್ಚಿರಿ. ಹುಳಿ ವಾಸನೆಯ ನೀರು ಬಂದರೆ ಹೊಳೆಯ ನೀರು ರಾಳದೊಳಗೆ ಇಳಿದು ಕೂತಿದೆ ಎಂದು ಅರ್ಥ. ಈ ರೋಗ ಉಪ್ಪು ನೀರಿಗಿಂತ ಸಿಹಿ ನೀರಿನಲ್ಲಿ ಬೇಗ ಹತ್ತುತ್ತದೆ, ಬೆಚ್ಚಗಿನ ನೀರಿನಲ್ಲಿ ಇನ್ನೂ ಬೇಗ. ಸಮುದ್ರದ ದೋಣಿಗಿಂತ ನಮ್ಮ ಹಿನ್ನೀರಿನ ದೋಣಿಗೆ ಇದರ ಕಾಟ ಹೆಚ್ಚು ಎಂದಾಯಿತು. ಹತ್ತಾರು ಗುಳ್ಳೆ ಇದ್ದರೆ ಕೆರೆದು, ತಿಂಗಳುಗಟ್ಟಲೆ ಒಣಗಿಸಿ, ಮತ್ತೆ ರಾಳ ಹಚ್ಚಬೇಕು. ದೋಣಿ ಕೂಡಲೇ ಮುಳುಗುವುದಿಲ್ಲ, ಆದರೆ ಅಷ್ಟು ದಿನದ ದುಡಿಮೆ ಮುಳುಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಸಂದುಗಳನ್ನು ನೋಡಿರಿ. ಗದ್ವಾಲ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ಮತ್ತು ಅಂಚು ರೇಷ್ಮೆಯದು. ಎರಡನ್ನೂ ಕೈಯಲ್ಲಿ ಎಳೆಗೆಳೆ ಸಿಕ್ಕಿಸಿ ಕೂಡಿಸುತ್ತಾರೆ. ಆ ಕೂಡಿಕೆ ಗಟ್ಟಿಯಾಗಿದ್ದರೆ ಸೀರೆ ಗಟ್ಟಿ. ದೋಣಿಯಲ್ಲಿಯೂ ಹಾಗೆ. ಅಂಚಿನ ಪಟ್ಟಿ ಒಡಲಿಗೆ ಕೂಡುವಲ್ಲಿ, ಕೂರುವ ಹಲಗೆ ಗೋಡೆಗೆ ಹತ್ತಿದಲ್ಲಿ, ಇಂಜಿನ್ ಕೂಡಿಸುವ ಹಿಂಬದಿಯ ಹಲಗೆಯಲ್ಲಿ, ಅಲ್ಲಿಯೇ ಸೋಲುವುದು. ಎರಡೊಡಲಿನ ಕ್ಯಾಟಮರಾನಿನಲ್ಲಿಯೂ ಒಡಲುಗಳನ್ನು ಕೂಡಿಸುವ ಅಡ್ಡಗೋಡೆಗಳ ಅಂಟು ಬಿಟ್ಟಿದೆಯೇ ಎಂಬುದೇ ಮೊದಲ ಪ್ರಶ್ನೆ. ಹಿಂಬದಿಯ ಹಲಗೆಯ ಫೈಬರಿನೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟ್ ಹಾಕಿದ ತೂತಿನಿಂದ ನೀರಿಳಿದು ಅದು ಹೊರಗೆ ಕಾಣದಂತೆ ಕೊಳೆಯುತ್ತದೆ. ಇಂಜಿನನ್ನು ಮೇಲಕ್ಕೆತ್ತಿ, ಅದರ ಬಾಲವನ್ನು ಹಿಡಿದು ಮೇಲೆ ಕೆಳಗೆ ತೂಗಿರಿ. ಹಲಗೆ ಜೊತೆಗೆ ಬಾಗಿದರೆ ಕೊಳೆತಿದೆ.

ಇಂಜಿನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪಂಪ್‌ಸೆಟ್ ಮತ್ತು ಟ್ರ್ಯಾಕ್ಟರ್ ಕಂಡ ನಿಮಗೆ ಅದರ ಅರ್ಧ ಗೊತ್ತೇ ಇದೆ. ತಣ್ಣಗಿರುವಾಗಲೇ ನಿಮ್ಮ ಕೈಯಿಂದ ಶುರು ಮಾಡಿರಿ. ನೀವು ಹೋಗುವ ಮುಂಚೆಯೇ ಇಂಜಿನ್ ಬಿಸಿಯಾಗಿದ್ದರೆ ಮತ್ತೆ ಸಂಜೆಗೆ ಬರುತ್ತೇವೆ ಎಂದು ಹೇಳಿ ಎದ್ದುಬನ್ನಿರಿ. ಶುರುವಾದ ಮೇಲೆ ತಂಪು ನೀರಿನ ಸಣ್ಣ ಧಾರೆ ಹೊರಗೆ ಬರುತ್ತಿರಬೇಕು. ಕೆಳಗಿನ ಗೇರಿನ ಎಣ್ಣೆ ತೆಗೆಸಿ ನೋಡಿದಾಗ ಅದು ಹಾಲು ಬೆರೆಸಿದ ಚಹಾದ ಬಣ್ಣದಲ್ಲಿದ್ದರೆ ಒಳಗೆ ನೀರು ಸೇರಿದೆ, ಸೀಲ್ ಹೋಗಿದೆ.

ಇಷ್ಟಾದ ಮೇಲೆ ಬೆಲೆ. ಬೆಲೆ ಕಟ್ಟುವಾಗ ಮಾರುವವರು ಎಷ್ಟು ಖರ್ಚು ಮಾಡಿದ್ದೇನೆ ಎಂದು ಹೇಳುತ್ತಾರೆ. 'ಹೋದ ವರ್ಷವೇ ಹತ್ತು ಸಾವಿರ ಹಾಕಿದೀನಿ ತಮ್ಮಾ' ಎನ್ನುತ್ತಾರೆ. ಇರಲಿ, ಅದು ಅವರು ಹೋದ ವರ್ಷ ದುಡಿದುಕೊಂಡದ್ದಕ್ಕೆ ಹಾಕಿದ ಖರ್ಚು. ನೀವು ಕೊಳ್ಳುವುದು ಕಳೆದ ವರ್ಷಗಳನ್ನಲ್ಲ, ಉಳಿದ ವರ್ಷಗಳನ್ನು.

ಒಂದು ಲೆಕ್ಕ ಹಿಡಿಯಿರಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿರಿ. ಹೊಸ ಫೈಬರ್ ಪುಟ್ಟಿ 30,000 ರೂಪಾಯಿ, ಹತ್ತು ವರ್ಷ ಬರುತ್ತದೆ ಎನ್ನೋಣ. ವರ್ಷಕ್ಕೆ 3,000 ಬಿತ್ತು. ಹಳೆಯದನ್ನು 15,000ಕ್ಕೆ ಹೇಳುತ್ತಿದ್ದಾರೆ. ಅರ್ಧ ಬೆಲೆ, ಆಸೆ ಹುಟ್ಟುತ್ತದೆ. ಆದರೆ ನಿಮ್ಮ ಪರೀಕ್ಷೆಯಲ್ಲಿ 5,000 ರೂಪಾಯಿ ರಿಪೇರಿ ಕಂಡಿತು, ಇನ್ನು ನಾಲ್ಕು ವರ್ಷ ಬಾಳುತ್ತದೆ ಎಂದು ತೋರಿತು. ನಿಮ್ಮ ಕೈಯಿಂದ ಹೋಗುವುದು 20,000, ಬರುವುದು ನಾಲ್ಕು ವರ್ಷ. ವರ್ಷಕ್ಕೆ 5,000. ಅರ್ಧ ಬೆಲೆಯ ಪುಟ್ಟಿ ಹೊಸದಕ್ಕಿಂತ ದುಬಾರಿ! ಹೊಸದರ ದರದಲ್ಲಿಯೇ ನಾಲ್ಕು ವರ್ಷಕ್ಕೆ 12,000, ಅದರಲ್ಲಿ ರಿಪೇರಿಯ 5,000 ಕಳೆದರೆ 7,000. ಆ ಪುಟ್ಟಿಯ ನಿಜವಾದ ಬೆಲೆ ಅದು. ಹಳೆಯದರಲ್ಲಿ ಅಪಾಯ ಹೆಚ್ಚು ಎಂದು ಇನ್ನೂ ಸಾವಿರ ಕಳೆದು ಕೇಳಿದರೆ ನಿಮ್ಮನ್ನು ಜಿಪುಣರೆಂದು ಯಾರೂ ಅನ್ನಬಾರದು.

ಇದೇ ಲೆಕ್ಕದಲ್ಲಿ ಬಿದಿರಿನ ಪುಟ್ಟಿಯನ್ನೂ ತೂಗಿರಿ. ಕೊಳ್ಳಲು ಅಗ್ಗ, ಆದರೆ ಪ್ರತಿ ವರ್ಷದ ಡಾಂಬರು, ಹೊದಿಕೆ, ಕೂಲಿ ಸೇರಿಸದೆ ಅಗ್ಗವೆಂದು ಹೇಳಬೇಡಿರಿ. ಸಾಲದ ಬಡ್ಡಿಯನ್ನೂ ಸೇರಿಸಿರಿ. ಮೀನು ಕೊಳ್ಳುವ ಸಾವುಕಾರರಿಂದ ಮುಂಗಡ ಪಡೆದು ಪುಟ್ಟಿ ಕೊಂಡರೆ, ಹಿಡಿದ ಮೀನನ್ನು ಅವರು ಹೇಳಿದ ದರಕ್ಕೇ ಕೊಡಬೇಕಾಗುತ್ತದೆ. ಕಿಲೋಗೆ ಹತ್ತು ರೂಪಾಯಿ ಕಡಿಮೆ ಸಿಕ್ಕರೂ ಅದು ಪುಟ್ಟಿಯ ಬೆಲೆಗೆ ಕೂಡಿತು. ಬಡ್ಡಿ ಎಂಬ ಮಾತು ಬರದಿದ್ದರೂ ಬಡ್ಡಿ ಬಡ್ಡಿಯೇ.

ಕೊಳ್ಳುವ ಕಾಲವೂ ಬೆಲೆಯ ಒಂದು ಭಾಗ. ಮುಂಗಾರು ಹತ್ತಿರ ಬಂದಾಗ, ಜಾತ್ರೆಯ ಮುಂಚೆ, 2016ರ ಆಗಸ್ಟ್‌ನಲ್ಲಿ ಬಂದಿದ್ದ ಕೃಷ್ಣಾ ಪುಷ್ಕರದಂಥ ಸಂದರ್ಭದಲ್ಲಿ ಬೇಡಿಕೆ ಏರುವುದು ಸಹಜ. ನೀರು ಇಳಿದು ಪುಟ್ಟಿ ದಂಡೆಗೆ ಬಿದ್ದಿರುವಾಗ ಹೋಗಿರಿ. ಬೆಲೆಯೂ ಇಳಿದಿರುತ್ತದೆ, ತಳವೂ ಕಾಣುತ್ತದೆ.

ಕೊನೆಗೆ ಕಾಗದದ ಮಾತು. ಗಡಿಯ ಊರಿನವರಿಗೆ ಇದು ಬೇರೆಯವರಿಗಿಂತ ಮುಖ್ಯ. ಹೊಳೆಯ ಆಚೆ ದಂಡೆ ಕರ್ನಾಟಕ, ಈಚೆ ದಂಡೆ 2014ರಿಂದ ತೆಲಂಗಾಣ. ಪುಟ್ಟಿ ರಾಯಚೂರು ಕಡೆಯಿಂದ ಬರುತ್ತದೆ, ಕೊಳ್ಳುವವರು ಮಕ್ತಲ್ ಕಡೆಯವರು. ಇಂಜಿನ್ ಇರುವ, ಜನರನ್ನು ಸಾಗಿಸುವ ದೋಣಿಗೆ ನೋಂದಣಿ ಪತ್ರ ಮತ್ತು ತಪಾಸಣೆ ಪತ್ರ ಎರಡೂ ಇರಬೇಕು. 1917ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ದೇಶದ ಎಲ್ಲ ರಾಜ್ಯಗಳಲ್ಲಿಯೂ ನಡೆಯುತ್ತದೆ. ಆದರೆ ಪತ್ರ ಮಾರಿದವರ ಹೆಸರಿನಲ್ಲೇ ಉಳಿದರೆ ನಾಳೆ ಅವಘಡವಾದಾಗ ತೊಂದರೆ ಇಬ್ಬರಿಗೂ. ಹೆಸರು ಬದಲಾಗುವವರೆಗೆ ಸ್ವಲ್ಪ ಹಣ ಹಿಡಿದುಕೊಳ್ಳಿರಿ. ತಪಾಸಣೆ ಪತ್ರದ ಅವಧಿ ಮುಗಿದಿದ್ದರೆ ಅದನ್ನು ಮಾಡಿಸುವ ಖರ್ಚನ್ನೂ ಕಳೆಯಿರಿ. ಹುಟ್ಟು ಹಾಕುವ ಪುಟ್ಟಿಗೆ ಇಷ್ಟು ಕಟ್ಟಲೆ ಇಲ್ಲದಿದ್ದರೂ, ಒಂದು ಬಿಳಿ ಹಾಳೆಯಲ್ಲಿ ಮಾರಿದವರು, ಕೊಂಡವರು, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಕನ್ನಡದಲ್ಲಿ ಬರೆದರೂ ಸರಿ, ತೆಲುಗಿನಲ್ಲಿ ಬರೆದರೂ ಸರಿ, ಓದಿ ಹೇಳಿಸಿಕೊಂಡು ಸಹಿ ಹಾಕಿರಿ. ಪುಟ್ಟಿ ಸರಕಾರದ ಸಹಾಯಧನದಿಂದ ಬಂದದ್ದಾದರೆ ಮಾರಲು ಅವಕಾಶವಿದೆಯೇ ಎಂದು ಮೀನುಗಾರರ ಸಹಕಾರ ಸಂಘದಲ್ಲಿ ಮೊದಲು ಕೇಳಿರಿ.

ಪುಟ್ಟಿಯ ಜೊತೆಗೆ ಮೀನು ಹಿಡಿಯುವ ಹಕ್ಕೂ ಬಂತು ಎಂದು ಕೆಲವರು ತಿಳಿಯುತ್ತಾರೆ. ಬರುವುದಿಲ್ಲ. ಅದು ಸಂಘದ ಸದಸ್ಯತ್ವಕ್ಕೆ, ಇಲಾಖೆಯ ಪರವಾನಗಿಗೆ ಸೇರಿದ್ದು. ಆ ಹಕ್ಕಿನ ಆಸೆ ತೋರಿಸಿ ಬೆಲೆ ಏರಿಸಿದರೆ ಒಪ್ಪಬೇಡಿರಿ. ಹಳೆಯ ಲೈಫ್ ಜಾಕೆಟ್ಟುಗಳನ್ನೂ ಸೇರಿಸಿ ಕೊಡುತ್ತೇವೆ ಎಂದರೆ ಅವುಗಳಿಗೆ ಬೆಲೆ ಹಿಡಿಯಬೇಡಿರಿ. ಪಟ್ಟಿ ಎಳೆದು ನೋಡಿ, ತೊಟ್ಟುಕೊಂಡು ಸೊಂಟದುದ್ದದ ನೀರಿನಲ್ಲಿ ಕಾಲೆತ್ತಿ ನೋಡಿರಿ. ಬಾಯಿ ಮೂಗು ನೀರಿನ ಮೇಲೆ ಉಳಿಯದಿದ್ದರೆ ಅವು ದಿಂಬಿಗೆ ತುಂಬಲು ಬಂದಾವು.

ವ್ಯಾಪಾರ ಮುಗಿದು ಪುಟ್ಟಿ ನಿಮ್ಮ ದಂಡೆಗೆ ಬಂದ ದಿನ, ಮೊದಲ ಕಡವು ಹೊಡೆಯುವ ಮುಂಚೆ, ಕ್ಯಾನುಗಳನ್ನು ಹೇರಿ ನೋಡಿದಾಗ ನೀರು ಎಲ್ಲಿ ನಿಂತಿತ್ತೋ ಅಲ್ಲಿ ಹೊರಮೈಗೆ ಬಿಳಿ ಬಣ್ಣದ ಒಂದು ಗೆರೆ ಸುತ್ತಲೂ ಬಳಿಯಿರಿ. ನಾಲ್ಕು ಬೆರಳು ಅಗಲ ಇರಲಿ, ದಂಡೆಯ ಮೇಲೆ ನಿಂತವರಿಗೆ ಕಾಣಬೇಕು. ಹತ್ತುವವರು 'ಇನ್ನೊಬ್ಬರಿಗೆ ಜಾಗ ಇದೆ, ಕಾಕಾ' ಎಂದಾಗ ಬಾಯಿಮಾತಿನಲ್ಲಿ ಜಗಳ ಬೇಡ, ಗೆರೆಯನ್ನು ತೋರಿಸಿರಿ.